ವೊಲ್ತೆರಾ: ಊರು ಉಳಿಸಿಕೊಂಡ ಕಲ್ಲು, ಬಣ್ಣ

ಇಟಲಿಯ ಟಸ್ಕನಿಯಲ್ಲಿ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದ ಬೆಟ್ಟದ ನೆತ್ತಿಯಲ್ಲಿರುವ ಊರು ವೊಲ್ತೆರಾ. ರೋಮನ್ನರ ಆಳ್ವಿಕೆಗೂ ಮೊದಲು ಇಲ್ಲಿ ಬಾಳಿದ ಎತ್ರುಸ್ಕನ್ನರು ಇದನ್ನು ವೆಲಾತ್ರಿ ಎಂದು ಕರೆಯುತ್ತಿದ್ದರು. ಅವರ ಕೋಟೆಗೋಡೆಯ ಸುತ್ತಳತೆ ಸುಮಾರು 7 ಕಿಲೋಮೀಟರ್. ಮಧ್ಯಯುಗದ ಹೊತ್ತಿಗೆ ಊರು ಅದರ ಒಂದು ಮೂಲೆಗೆ ಕುಗ್ಗಿತ್ತು.

ಆ ಕೋಟೆಯ ಹೆಬ್ಬಾಗಿಲು ಪೋರ್ತಾ ಆಲ್ಲಾರ್ಕೊ ಇಂದಿಗೂ ನಿಂತಿದೆ. ಕಮಾನಿನ ಮೇಲಿನ ಮೂರು ಶಿಲಾಶಿರಗಳು ಗಾಳಿಮಳೆಗೆ ಸವೆದು, ಕಣ್ಣು ಮೂಗುಗಳ ಗುರುತೂ ಅಳಿದುಹೋಗಿದೆ. 1944ರಲ್ಲಿ ಮಿತ್ರಪಡೆಗಳನ್ನು ತಡೆಯಲು ಜರ್ಮನ್ ಸೈನ್ಯ ಈ ಬಾಗಿಲನ್ನು ಸಿಡಿಸಲು ಹೊರಟಿತ್ತು. ಊರಿನವರು ಬೀದಿಯ ಹಾಸುಗಲ್ಲುಗಳನ್ನು ಕಿತ್ತು ತಂದು, ಒಂದೇ ದಿನದಲ್ಲಿ ಬಾಗಿಲನ್ನು ಪೂರ್ತಿ ಮುಚ್ಚಿದರು. ದಾರಿ ಕಟ್ಟಿದ ಮೇಲೆ ಸಿಡಿಸುವ ಅಗತ್ಯವೇ ಉಳಿಯಲಿಲ್ಲ. ಪ್ರಾಚೀನ ಸ್ಮಾರಕವೊಂದನ್ನು ಜನಸಾಮಾನ್ಯರೇ ಕಾಪಾಡಿದ ಇಂಥ ನಿದರ್ಶನ ಅಪರೂಪ.

ಕ್ರಿಸ್ತಪೂರ್ವ 1ನೇ ಶತಮಾನದ ಕೊನೆಯಲ್ಲಿ ಕೆಸೀನಾ ಮನೆತನದ ನೆರವಿನಿಂದ ಎದ್ದ ರಂಗಮಂದಿರದ ಕತೆ ಬೇರೆ. ಮಧ್ಯಯುಗದಲ್ಲಿ ಅದು ಊರಿನ ಕಸದಡಿ ಹೂತುಹೋಯಿತು. 1950ರ ದಶಕದಲ್ಲಿ ಎನ್ರಿಕೊ ಫಿಯುಮಿ ಉತ್ಖನನಕ್ಕೆ ಇಳಿದಾಗ ಮಣ್ಣು ಅಗೆದವರಲ್ಲಿ ಸ್ಥಳೀಯ ಮಾನಸಿಕ ಆಸ್ಪತ್ರೆಯ ರೋಗಿಗಳೂ ಇದ್ದರು. ಮೆಟ್ಟಿಲುಸಾಲುಗಳನ್ನು ನೋಡುವವರು ಅವರ ದುಡಿಮೆಯನ್ನೂ ನೆನೆಯಬೇಕು.

1761ರಲ್ಲಿ ಮಾರಿಯೊ ಗ್ವಾರ್ನಾಚ್ಚಿ ತನ್ನ ಸಂಗ್ರಹವನ್ನು ಊರಿನ ಜನತೆಗೆ ಬಿಟ್ಟುಕೊಟ್ಟ. ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಈಗ 600ಕ್ಕೂ ಹೆಚ್ಚು ಎತ್ರುಸ್ಕನ್ ಚಿತಾಭಸ್ಮ ಕರಂಡಗಳಿವೆ. ಒಂದರ ಮುಚ್ಚಳದ ಮೇಲೆ ಸುಡುಮಣ್ಣಿನ ಮುದಿ ದಂಪತಿ ಒರಗಿದ್ದಾರೆ. ಮುಖದ ಸುಕ್ಕುಗಳನ್ನು ಶಿಲ್ಪಿ ಮರೆಮಾಚಿಲ್ಲ.

ಪುನರುಜ್ಜೀವನ ಕಾಲದ ಕೃತಿಗಳು ಊರಿನ ಚಿತ್ರಶಾಲೆಯಲ್ಲಿವೆ. ಲೂಕಾ ಸಿನ್ಯೊರೆಲ್ಲಿಯ 1491ರ ಚಿತ್ರದಲ್ಲಿ ದೇವದೂತ ಮರಿಯಳಿಗೆ ಶುಭವಾರ್ತೆ ಹೇಳುವ ಪ್ರಸಂಗವಿದೆ. ಅಲ್ಲಿ ಎಲ್ಲವೂ ಅಳತೆಗೆ ಒಳಪಟ್ಟಿದೆ. ಮೂವತ್ತೇ ವರ್ಷಗಳ ನಂತರ, 1521ರಲ್ಲಿ, ರೊಸ್ಸೊ ಫಿಯೊರೆಂತೀನೊ ಆ ಅಳತೆಯನ್ನೇ ಮುರಿದ. ಅವನ ವಿಷಯ ಶಿಲುಬೆಯಿಂದ ಯೇಸುವನ್ನು ಇಳಿಸುವ ಗಳಿಗೆ. ಹಿನ್ನೆಲೆಯ ಆಕಾಶ ಗೋಡೆಯಂತೆ ಸಪಾಟು. ಏಣಿಗಳ ಮೇಲೆ ಜೋತುಬಿದ್ದವರ ಅವಸರ, ಕೆತ್ತಿದಂತೆ ಮಡಿಚಿಕೊಂಡ ಬಟ್ಟೆಗಳು, ಹಸಿರು ಛಾಯೆಗೆ ತಿರುಗಿದ ಯೇಸುವಿನ ಮೈ. ಕೆಳಗೆ ಕೆಂಪುಡುಗೆಯ ಮಗ್ದಲೇನ, ಯೇಸುವಿನ ತಾಯಿ ಮರಿಯಳ ಕಾಲನ್ನು ತಬ್ಬಿದ್ದಾಳೆ. ಯೋಹಾನ ಮುಖ ಮುಚ್ಚಿಕೊಂಡು ಆಚೆ ತಿರುಗಿದ್ದಾನೆ. ದುಃಖವನ್ನು ಚೆಲುವಾಗಿಸಲು ಒಪ್ಪದ ಚಿತ್ರವಿದು. ವೊಲ್ತೆರಾದ್ದೇ ಒಂದು ಭಕ್ತಮಂಡಳಿಯ ಪ್ರಾರ್ಥನಾಮಂದಿರಕ್ಕಾಗಿ ರಚನೆಯಾದ ಇದು, 500 ವರ್ಷ ಕಳೆದರೂ ಆ ಊರಿನ ಕೈತಪ್ಪಿಲ್ಲ.