ಸುಮ್ಮನಿದ್ದರೂ ಒಂದು ಮಾರ್ಕು

ನಮ್ಮಮ್ಮನಿಗೆ ಟೊಮೆಟೊ ಅಂದರೆ ಒಂದೇ ಅರ್ಥ. ಜಿಗಣಿಯ ಸುತ್ತ ಫ್ಯಾಕ್ಟರಿ ಶೆಡ್ಡುಗಳು ಏಳುವುದಕ್ಕೆ ಮುಂಚೆ, ರಾಗಿ ಕೊಯ್ದ ಹೊಲದಲ್ಲಿ ಅಮ್ಮನೇ ನಿಂತು ಟೊಮೆಟೊ ನೆಡಿಸುತ್ತಿದ್ದಳು. ಬೆಲೆ ಬಿದ್ದ ವರ್ಷ ಬದುವಿಗೆ ಸುರಿದು ದನ ಬಿಟ್ಟದ್ದೂ ಉಂಟು. ಹಾಗಾಗಿ ಒಂದು ರಾತ್ರಿ ಊಟಕ್ಕೆ ಕೂತ ಮೊಮ್ಮಗ, “ಅಪ್ಪಾ, ಟೊಮೆಟೊ ಅರ್ಧ ಮುಗೀತು, ಮಿಕ್ಕಿದ್ದು ತುಂಬಾ ಕಷ್ಟ ಇದೆ” ಅಂದಾಗ ಅಮ್ಮ ಸೌಟು ಹಿಡಿದುಕೊಂಡೇ, “ಕಷ್ಟ ಏನೋ ಅದ್ರಲ್ಲಿ? ಬೇಡಾಂದ್ರೆ ತಟ್ಟೆ ಅಂಚಿಗಿಡು” ಅಂದಳು.

ಅವನು ಹೇಳಿದ್ದು ಪುಸ್ತಕದ ಮಾತು. ‘ಟೆಸ್ಟ್ ಆಫ್ ಮ್ಯಾಥಮೆಟಿಕ್ಸ್ ಅಟ್ ದಿ 10+2 ಲೆವೆಲ್’ ಎಂದು ಅದರ ಹೆಸರು. ಅಷ್ಟುದ್ದ ಹೇಳುವ ತಾಳ್ಮೆ ಹುಡುಗರಿಗೆಲ್ಲಿ, ಮೊದಲಕ್ಷರಗಳನ್ನು ಅಲ್ಲಲ್ಲಿ ಹೆಕ್ಕಿ ಟೊಮೆಟೊ ಮಾಡಿಕೊಂಡಿದ್ದಾರೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಪ್ರವೇಶ ಪರೀಕ್ಷೆ ಬರೆಯುವವರಿಗೆ ಅದು ಕೈಪಿಡಿ. ಮಹಾಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಕಟ್ಟಿದ ಸಂಸ್ಥೆ ಅದು, ಅದರ ಬಿ.ಮ್ಯಾಥ್ ತರಗತಿ ಮಾತ್ರ ನಡೆಯುವುದು ನಮ್ಮ ಬೆಂಗಳೂರಿನಲ್ಲಿ, ಮೈಸೂರು ರಸ್ತೆಯ ಕ್ಯಾಂಪಸ್ಸಿನಲ್ಲಿ. ನೈಸ್ ರಸ್ತೆಗೆ ಟೋಲ್ ಕಟ್ಟಿದರೆ ಊಟದ ಡಬ್ಬಿ ಆರುವುದರೊಳಗೆ ಜಿಗಣಿಯಿಂದ ತಲುಪಬಹುದು. ಆದರೆ ನಮ್ಮ ಬೀದಿಯಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇರಲಿಲ್ಲ.

ಹೆಸರು ಹೇಳಿದರೆ ಮೊದಲು ಬರುತ್ತಿದ್ದ ಪ್ರಶ್ನೆ, “ಫೀಸೆಷ್ಟು?” ಫೀಸಿಲ್ಲ, ಓದುವವರಿಗೆ ತಿಂಗಳು ತಿಂಗಳು ಅವರೇ ಒಂದಿಷ್ಟು ದುಡ್ಡು ಕೊಡುತ್ತಾರೆ ಅಂದರೆ ಕೇಳಿದವರ ಮುಖದಲ್ಲಿ ಸಂತೋಷಕ್ಕಿಂತ ಅನುಮಾನವೇ ಜಾಸ್ತಿ ಕಾಣುತ್ತಿತ್ತು. ನಮ್ಮ ಭಾವನವರಂತೂ, “ನೋಡಿ ಸ್ವಾಮಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ” ಎಂದು ಎಚ್ಚರಿಸಿ ಹೋದರು. 2007ರಲ್ಲಿ ಅಬೆಲ್ ಪ್ರಶಸ್ತಿ ಪಡೆದ ಶ್ರೀನಿವಾಸ ವರದನ್ ಪಿಎಚ್‌ಡಿ ಮಾಡಿದ್ದು ಈ ಸಂಸ್ಥೆಯಲ್ಲೇ ಎಂದು ಮಗ ಹೇಳಿನೋಡಿದ. ಅಬೆಲ್ ಅಂದರೆ ಯಾರು ಎಂದು ಅವರು ಕೇಳಲಿಲ್ಲ. ವರದನ್‌ಗೆ ಪ್ಯಾಕೇಜ್ ಎಷ್ಟು ಎಂದು ಕೇಳಿದರು.

2019ರ ಆ ಬೇಸಿಗೆಯಲ್ಲಿ ಮಗ ಮೂರು ಪರೀಕ್ಷೆಗೆ ಒಟ್ಟಿಗೆ ಕೂತ. ಮೂರಕ್ಕೂ ಮೂರು ಬಗೆಯ ಗುಣ, ಮನೆಗೆ ಬರುವ ನೆಂಟರ ಹಾಗೆ. ಸಿಇಟಿಯಲ್ಲಿ ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ದಂಡವಿಲ್ಲ, ಹಾಗಾಗಿ ಖಾಲಿ ಬಿಟ್ಟವನೇ ದಡ್ಡ. ಗಂಟೆ ಹೊಡೆಯುವ ಮುನ್ನ ಕಣ್ಣು ಮುಚ್ಚಿಕೊಂಡು ಮಿಕ್ಕ ಉಂಡೆಗಳನ್ನೆಲ್ಲ ಕಪ್ಪು ಮಾಡಿ ಬರಬೇಕು. ಜೆಇಇ ಕೊಂಚ ಸಿಡುಕಿನ ನೆಂಟ: ಸರಿಗೆ ನಾಲ್ಕು ಕೊಟ್ಟು, ತಪ್ಪಿಗೆ ಒಂದು ಕಿತ್ತುಕೊಳ್ಳುತ್ತದೆ. ಈ ಮೂರನೆಯದರ ಬೆಳಗಿನ ಪತ್ರಿಕೆಯಲ್ಲಿ 30 ಪ್ರಶ್ನೆ, ಎರಡು ಗಂಟೆ. ಸರಿಗೆ ನಾಲ್ಕು, ತಪ್ಪಿಗೆ ಸೊನ್ನೆ, ಮತ್ತು ಮುಟ್ಟದೆ ಬಿಟ್ಟ ಪ್ರಶ್ನೆಗೆ ಒಂದು.

ನಾನು ಎರಡು ಸಲ ಓದಿದೆ. “ಮುಟ್ಟದೇ ಇದ್ರೆ ಒಂದಾ?”

“ಹೂಂ ಅಪ್ಪ. ಗೊತ್ತಿಲ್ಲ ಅಂತ ಒಪ್ಪಿಕೊಂಡಿದ್ದಕ್ಕೆ.”

ಅಮ್ಮನ ಕಿವಿ ಚುರುಕು. “ಹಂಗಾದ್ರೆ ಸುಮ್ನೆ ಕೂತು ಎದ್ದು ಬಂದ್ರೂ ಮೂವತ್ತಾ!” ಎಂದು ಲೆಕ್ಕ ಹಾಕಿಯೇ ಬಿಟ್ಟಳು. ಆಮೇಲೆ ಎಲೆಯಡಿಕೆ ಚೀಲ ತೆಗೆಯುತ್ತಾ, “ನಮ್ಮ ಪಂಚಾಯ್ತೀಲೂ ಈ ಕಾನೂನು ಇದ್ದಿದ್ರೆ ಎಷ್ಟೋ ನ್ಯಾಯ ನೆಟ್ಟಗೆ ಆಗೋದು” ಅಂದಳು.

ಮಗ ಅದರ ಒಳಗುಟ್ಟನ್ನೂ ಬಿಡಿಸಿದ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕುರುಡಾಗಿ ಮುಟ್ಟಿದರೆ, ನಾಲ್ಕು ಸಲಕ್ಕೆ ಒಂದು ಸಲ ನಾಲ್ಕು ಮಾರ್ಕು. ಸರಾಸರಿ ತೆಗೆದರೆ ಪ್ರಶ್ನೆಗೆ ಒಂದು. ಸುಮ್ಮನಿದ್ದವನಿಗೂ ಒಂದು. ಜೂಜಿಗೂ ಮೌನಕ್ಕೂ ಸರಿಸಮ ಬೆಲೆ! ಎರಡು ಉತ್ತರ ಖಂಡಿತ ತಪ್ಪು ಎಂದು ಗೊತ್ತಾದರಂತೂ ಉಳಿದೆರಡರಲ್ಲಿ ಕೈ ಹಾಕುವುದೇ ಲಾಭ. ಆಗ ಸರಾಸರಿ ಎರಡಕ್ಕೆ ಏರುತ್ತದೆ. ಅಷ್ಟೆಲ್ಲ ದಂಡ ಹಾಕುವ ಜೆಇಇಯಲ್ಲೂ ಕುರುಡು ಏಟಿಗೆ ಕಾಲು ಮಾರ್ಕು ಗಿಟ್ಟುತ್ತದಂತೆ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಗೊತ್ತಿಲ್ಲದ್ದಕ್ಕೆಲ್ಲ ‘ಆಗುತ್ತೆ ಸಾರ್’ ಎಂದು ಹೇಳಿಕೊಂಡು ಬಂದವನು ನಾನು. ಪ್ರತಿಯೊಂದಕ್ಕೂ ಒಂದೊಂದು ಮಾರ್ಕು ಕಳೆದುಕೊಂಡ ಹಾಗೆ ಅನ್ನಿಸತೊಡಗಿತು.

ನಾನಿರುವುದು ಗ್ರಾನೈಟ್ ಫ್ಯಾಕ್ಟರಿಯಲ್ಲಿ, ಡಿಸ್ಪ್ಯಾಚ್ ವಿಭಾಗ. ಜಿಗಣಿಯಲ್ಲಿ ಈ ಕಸುಬಿನ ಧೂಳು ಬೀಳದ ಮನೆ ಕಡಿಮೆ. ಲಾರಿಯಲ್ಲಿ ಬಂದ ಬಂಡೆಯನ್ನು ಗ್ಯಾಂಗ್‌ಸಾ ಕೆಳಗೆ ನಿಲ್ಲಿಸುತ್ತಾರೆ. ಸಾಲಾಗಿ ಜೋಡಿಸಿದ ಉಕ್ಕಿನ ಪಟ್ಟಿಗಳು ಉಯ್ಯಾಲೆಯ ಹಾಗೆ ಆ ಕಡೆ ಈ ಕಡೆ ಆಡುತ್ತವೆ. ಮೇಲಿಂದ ಉಕ್ಕಿನ ಹರಳು, ಸುಣ್ಣ, ನೀರು ಕಲಸಿದ ಗಂಜಿ ಸುರಿಯುತ್ತಲೇ ಇರುತ್ತದೆ. ಗಂಟೆಗೆ ಇಳಿಯುವುದು ಕೆಲವೇ ಸೆಂಟಿಮೀಟರು. ಹೊಸದಾಗಿ ಬಂದವರು ಯಂತ್ರ ಕೆಟ್ಟಿದೆ ಎಂದೇ ತಿಳಿಯುತ್ತಾರೆ.

ಮಧ್ಯಾಹ್ನದ ಪತ್ರಿಕೆ ಈ ಜಾತಿಯದು. ಎರಡು ಗಂಟೆ, ಎಂಟೇ ಪ್ರಶ್ನೆ. ಉತ್ತರ ಗೊತ್ತಿದ್ದರೆ ಸಾಲದು, ಯಾಕೆ ಎಂದು ಸಾಧಿಸಿ ಬರೆಯಬೇಕು. ಕೋಚಿಂಗ್ ಸೆಂಟರೊಂದರಲ್ಲಿ ವಿಚಾರಿಸಿದೆವು. ಅಲ್ಲಿ ಕೂತಿದ್ದವರು ಕ್ಯಾಲ್ಕುಲೇಟರು ಕುಟ್ಟಿ, ಶಾರ್ಟ್‌ಕಟ್ ಹೇಳಿಕೊಡುವ ಸ್ಪೆಷಲ್ ಬ್ಯಾಚ್ ಇದೆ ಅಂದರು. ಸಾಧನೆ ಬರೆಯುವುದಕ್ಕೆ ಶಾರ್ಟ್‌ಕಟ್ ಯಾವುದು ಎಂದು ಮಗ ಕೇಳಿದ. ಅವರು ನನ್ನ ಮುಖ ನೋಡಿದರು. ನಾವು ಎದ್ದು ಬಂದೆವು.

ಹಾಗಾಗಿ ತಯಾರಿಯೆಲ್ಲ ಮಾಳಿಗೆಯ ಮೇಲೇ. ನೀರಿನ ಟ್ಯಾಂಕಿನ ಪಕ್ಕ ಒಂದು ಶೀಟಿನ ಕೋಣೆ, ಅದರಲ್ಲಿ ಅವನು, ಟೊಮೆಟೊ, ಒಂದು ಕಟ್ಟು ಹಾಳೆ. ಫ್ಯಾಕ್ಟರಿಯಿಂದ ಬಂದವನು ಟೀ ಹಿಡಿದು ಮೇಲೆ ಹೋದರೆ, ಬೆಳಿಗ್ಗೆ ನೋಡಿದ ಪ್ರಶ್ನೆಯನ್ನೇ ಇನ್ನೂ ನೋಡುತ್ತಾ ಕೂತಿರುತ್ತಿದ್ದ. ‘ಎಷ್ಟಾಯ್ತು?’ ಎಂಬ ಪೀಸ್-ರೇಟಿನ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಕನ್ನಡ ನಾಡಿಗೆ ಈ ಪುರುಸೊತ್ತು ಹೊಸದೇನಲ್ಲ. ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದಾಗ ಪ್ರಣಯದ ಭರದಲ್ಲಿ ಹರಿದುಹೋದ ಮುತ್ತಿನ ಹಾರವನ್ನೂ ಲೆಕ್ಕಕ್ಕೆ ತಂದ. ಚೆಲ್ಲಿದ ಮುತ್ತುಗಳು ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದವು ಎಂದು ಓದುವವನೇ ಹುಡುಕಬೇಕು. ಅದನ್ನು ಬಿಡಿಸುವವನಿಗೆ ಯಾರು ಸ್ಟಾಪ್‌ವಾಚ್ ಹಿಡಿದಿದ್ದರು?

ಒಂದು ಸಂಜೆ ಮಗ ನನಗೇ ಒಂದು ಲೆಕ್ಕ ಕೊಟ್ಟ. “ಅಪ್ಪ, ಎಂಟೆಂಟ್ಲೆ 64 ಮನೆಯ ಚೌಕ. ಎದುರುಬದುರು ಮೂಲೆಯ ಎರಡು ಮನೆ ಕಿತ್ತುಹಾಕಿ. 62 ಉಳೀತು. ಎರಡೆರಡು ಮನೆ ಮುಚ್ಚೋ 31 ಕಲ್ಲು ಹಾಸಿ ತೋರಿಸಿ.”

ಕಲ್ಲು ಹಾಸುವ ವಿಷಯದಲ್ಲಿ ನನಗೆ ಸವಾಲೇ! ಮರುದಿನ ಫ್ಯಾಕ್ಟರಿಯಲ್ಲಿ ವೇಸ್ಟ್ ಪೀಸುಗಳಿಂದ ಎರಡಿಂಚು ಉದ್ದ, ಒಂದಿಂಚು ಅಗಲದ 32 ಬಿಲ್ಲೆ ಕೊಯ್ಯಿಸಿ ತಂದೆ. ಒಂದು ಒಡೆದರೆ ಇರಲಿ ಎಂದು. ಮಾಳಿಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹಾಸಿದೆ. ಕೊನೆಗೆ ಎರಡು ಮನೆ ಉಳಿದವು, ಒಂದು ಅಲ್ಲಿ, ಒಂದು ಇಲ್ಲಿ. ಕಿತ್ತು ಮತ್ತೆ ಹಾಸಿದೆ. ಮತ್ತೆ ಎರಡು. ನಾಲ್ಕು ರಾತ್ರಿ ಹೀಗೇ ಆಯಿತು. ಹೆಂಡತಿ ಟಾರ್ಚ್ ಹಿಡಿದು ಬಂದು, “ಪರೀಕ್ಷೆ ಅವನಿಗೋ ನಿಮಗೋ?” ಎಂದು ಕೇಳಿ ಇಳಿದುಹೋದಳು.

ಐದನೆಯ ದಿನ ಮಗ ಮಾತಾಡದೆ ಇದ್ದಿಲು ತಗೊಂಡು ಮನೆ ಬಿಟ್ಟು ಮನೆಗೆ ಕಪ್ಪು ಬಳಿದ, ಚದುರಂಗದ ಹಾಸಿನ ಹಾಗೆ. ಬಳಿದು ಪಕ್ಕಕ್ಕೆ ಸರಿದು ನಿಂತ. ನಾನು ಒಂದು ಬಿಲ್ಲೆ ಇಟ್ಟೆ. ಒಂದು ಕಪ್ಪು, ಒಂದು ಬಿಳಿ ಮುಚ್ಚಿತು. ಇನ್ನೊಂದು ಇಟ್ಟೆ. ಮತ್ತೆ ಒಂದು ಕಪ್ಪು, ಒಂದು ಬಿಳಿ. ಎಲ್ಲಿ ಹೇಗಿಟ್ಟರೂ ಅಷ್ಟೇ. ಕಿತ್ತುಹಾಕಿದ ಮೂಲೆಗಳನ್ನು ನೋಡಿದೆ: ಎರಡೂ ಬಿಳಿ. ಉಳಿದದ್ದು 32 ಕಪ್ಪು, 30 ಬಿಳಿ. ನಾಲ್ಕು ರಾತ್ರಿ ಅಲ್ಲ, ನಾಲ್ಕು ಜನ್ಮ ಹಾಸಿದ್ದರೂ ಕೂಡುತ್ತಿರಲಿಲ್ಲ. ಕೈಲಿದ್ದ ಬಿಲ್ಲೆ ಕೆಳಗಿಟ್ಟು ಜೋರಾಗಿ ನಕ್ಕುಬಿಟ್ಟೆ. ಪಕ್ಕದ ಮನೆಯ ದೀಪ ಹತ್ತಿತು.

ಮೇ ತಿಂಗಳ ಒಂದು ಭಾನುವಾರ ಪರೀಕ್ಷೆ. ಅಮ್ಮ ಬನ್ನೇರುಘಟ್ಟದ ಚಂಪಕಧಾಮ ಸ್ವಾಮಿಗೆ ಹರಕೆ ಹೊತ್ತಳು. ಯಾವುದು ಬಿಡಬೇಕೋ ಅದನ್ನು ಬಿಡುವ ಬುದ್ಧಿ ಕೊಡಪ್ಪ ಎಂದು ಬೇಡಿಕೊಂಡಳಂತೆ. ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತೆ. ಸಾಯಂಕಾಲ ಹೊರಬಂದವನು ಹೇಳಿದ್ದು: ಬೆಳಿಗ್ಗೆ ಏಳು ಬಿಟ್ಟೆ, ಮಧ್ಯಾಹ್ನ ಮೂರು ಪೂರ್ತಿ, ಒಂದು ಮುಕ್ಕಾಲು. ಬನ್ನೇರುಘಟ್ಟ ರಸ್ತೆಯ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನು ಕಲ್ಕೆರೆ ದಾಟುವಾಗ ತಟ್ಟನೆ, “ಥೂ!” ಎಂದು ಹಣೆ ಚಚ್ಚಿಕೊಂಡ. ಮಿಕ್ಕ ಕಾಲು ಭಾಗ ಹೊಳೆದಿತ್ತು. ಕಂಡಕ್ಟರು ಪರ್ಸ್ ಹೋಯಿತೆಂದು ತಿಳಿದು ಸೀಟಿನ ಕೆಳಗೆ ಬಗ್ಗಿ ನೋಡಿದರು.

ಸೀಟು ಸಿಗಲಿಲ್ಲ. ಒಂದು ವಾರ ಮಾಳಿಗೆ ಹತ್ತಲಿಲ್ಲ ಅವನು. ಆಮೇಲೆ ಬೆಂಗಳೂರಿನಲ್ಲೇ ಬಿಎಸ್ಸಿ ಸೇರಿದ, ಎಂಎಸ್ಸಿಗೆ ಊರು ಬಿಟ್ಟ. ಟೊಮೆಟೊ ಈಗ ಅಮ್ಮನ ಔಷಧಿ ಡಬ್ಬಿಯ ಕೆಳಗೆ, ಡಬ್ಬಿ ಅಲುಗಾಡದಿರಲಿ ಎಂದು ಕೂತಿದೆ.

ಹೋಗುವ ಮುನ್ನ ಮಗ ಇನ್ನೊಂದು ಗಂಟು ಹಾಕಿ ಹೋದ. ಮೂಲೆ ಬೇಡ; ಎಲ್ಲಾದರೂ ಸರಿ, ಒಂದು ಕಪ್ಪು, ಒಂದು ಬಿಳಿ ಮನೆ ಕಿತ್ತರೆ, 31 ಬಿಲ್ಲೆ ಯಾವಾಗಲೂ ಕೂಡುತ್ತವಾ? ಫ್ಯಾಕ್ಟರಿ ರಜೆಯ ದಿನ ಮಾಳಿಗೆ ಹತ್ತಿ ಹಾಸುತ್ತೇನೆ. ಇದುವರೆಗೆ ಪ್ರತಿ ಸಲವೂ ಕೂಡಿದೆ. ಯಾಕೆ ಎಂದು ಹೊಳೆದಿಲ್ಲ. ಕಳೆದ ಭಾನುವಾರ ಫೋನಿನಲ್ಲಿ ಅವನಿಗೆ ತಡೆಯಲಾಗಲಿಲ್ಲ: “ಅಪ್ಪ, ಐಬಿಎಂನಲ್ಲಿದ್ದ ಗೊಮೊರಿ ಅನ್ನೋರು ಒಂದೇ ಒಂದು ಗೆರೆ ಎಳೆದು...”

“ಇಡೋ ಫೋನು” ಅಂದೆ.