ನೈರೋಬಿಯಲ್ಲಿ ಹತ್ತು ಮೀನಿನ ಜಾಡು

ಸಾಲ್ಮನ್ ಕುಲದ ಮೀನು ಆಫ್ರಿಕಾ ಖಂಡದಲ್ಲಿ ತಾನಾಗಿ ಇದ್ದದ್ದು ಉತ್ತರದ ಅಂಚಿನಲ್ಲಿ ಮಾತ್ರ. ಮೊರಾಕೊ, ಅಲ್ಜೀರಿಯಾ ಕಡೆಯ ಅಟ್ಲಾಸ್ ಬೆಟ್ಟಗಳ ತೊರೆಗಳಲ್ಲಿ. ಸಹಾರಾ ಮರುಭೂಮಿಯಿಂದ ಕೆಳಕ್ಕೆ ಒಂದೂ ಇಲ್ಲ. ಹೀಗಿರುವಾಗ ಭೂಮಧ್ಯರೇಖೆಯ ಮಗ್ಗುಲಲ್ಲೇ ಇರುವ ನೈರೋಬಿಯ ಅಂಗಡಿಯಲ್ಲಿ, ನಾರ್ವೆಯಿಂದ ಬಂದ ಸಾಲ್ಮನ್ ಪಕ್ಕದಲ್ಲೇ ‘ಕೀನ್ಯಾದ ಟ್ರೌಟ್’ ಎಂಬ ಚೀಟಿ ಅಂಟಿಸಿಕೊಂಡು ಹೊಗೆಯಲ್ಲಿ ಒಣಗಿಸಿದ ಮೀನು ಮಲಗಿತ್ತು. ಟ್ರೌಟ್ ಸಾಲ್ಮನ್ನಿನ ಹತ್ತಿರದ ಬಂಧು. ತಣ್ಣನೆಯ ನೀರು ಬೇಡುವ ಈ ಜೀವ ಇಲ್ಲಿಗೆ ಹೇಗೆ ಬಂತು?

“ಜನ ಸಿಂಹ ನೋಡೋಕೆ ಬರ್ತಾರೆ, ನೀನು ಮೀನಿನ ಹಿಂದೆ ಬಿದ್ಯಲ್ಲ ಮಾರಾಯ” ಎಂದು ಭಾವ ನಕ್ಕರು. ಅವರು ತೀರ್ಥಹಳ್ಳಿ ಕಡೆಯವರು, ಅಕ್ಕನೊಂದಿಗೆ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಮನೆ ಮಾಡಿಕೊಂಡಿದ್ದಾರೆ. ನಕ್ಕರೂ ಕಾರನ್ನೂ ಚಾಲಕನನ್ನೂ ಒದಗಿಸಿದರು. ಚಾಲಕ ವಿಕ್ಟೋರಿಯಾ ಸರೋವರದ ಕಡೆಯ ಲುವೊ ಜನಾಂಗದ ಯುವಕ. ಹೊಳೆ, ಮೀನು ಎಂದರೆ ಆತನಿಗೆ ಹುಟ್ಟೂರಿನ ಮಾತು.

ಟ್ರೌಟಿನ ಕಥೆ ಒಬ್ಬ ಹಠಮಾರಿಯಿಂದ ಶುರುವಾಗುತ್ತದೆ. ಇವಾರ್ಟ್ ಗ್ರೋಗನ್ ಎಂಬ ಬ್ರಿಟಿಷ್ ವಲಸಿಗ ದಕ್ಷಿಣದ ಕೇಪ್‌ನಿಂದ ಉತ್ತರದ ಕೈರೋವರೆಗೆ ಆಫ್ರಿಕಾವನ್ನು ಉದ್ದಕ್ಕೂ ದಾಟಿ ಹೆಸರಾದವನು. 1905ರಲ್ಲಿ ಸ್ಕಾಟ್ಲೆಂಡಿನ ಲಾಕ್ ಲೆವೆನ್ ಸರೋವರದ ಕಂದು ಟ್ರೌಟಿನ ಮೊಟ್ಟೆಗಳನ್ನು ತರಿಸಿ ಅಬರ್ಡೇರ್ ಬೆಟ್ಟಸಾಲಿನ ಗುರಾ ನದಿಗೆ ಬಿಡಿಸಿದ. ಹಡಗು, ರೈಲು, ಆಮೇಲೆ ಬೆಟ್ಟದ ಹಾದಿ; ಇಷ್ಟೆಲ್ಲ ಕಳೆದೂ ಮೊಟ್ಟೆ ಬದುಕಿದ್ದೇ ಬೆರಗು. ನೈರೋಬಿಯ ಮುತೈಗಾದಲ್ಲಿ ಇವನ ಹೆಂಡತಿ ಗರ್ಟ್ರೂಡ್ ಹೆಸರಿನ ಮಕ್ಕಳ ಆಸ್ಪತ್ರೆ ಇಂದಿಗೂ ಇದೆ. ಇದೇ ಮನುಷ್ಯ 1907ರಲ್ಲಿ ನೈರೋಬಿಯ ನ್ಯಾಯಾಲಯದ ಎದುರು ಕಿಕುಯು ಆಳುಗಳನ್ನು ಹಾಡಹಗಲೇ ಚಾವಟಿಯಿಂದ ಹೊಡೆದದ್ದೂ ದಾಖಲಾಗಿದೆ. ಮೀನಿನ ಮೊಟ್ಟೆಗೆ ಅಷ್ಟು ಜೋಪಾನ ತೋರಿಸಿದ ಕೈಯೇ ಚಾವಟಿಯನ್ನೂ ಹಿಡಿಯಿತು.

ಟ್ರೌಟ್ ಮರಿಗಳನ್ನು ನೋಡಲು ಥಿಕಾ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ಥಿಕಾದಲ್ಲಿ ಕಣ್ಣು ಹಾಯುವಷ್ಟು ದೂರ ಅನಾನಸ್ ಹೊಲ. ಸಗಾನಾ ದಾಟಿದ ಮೇಲೆ ಚಹಾ, ಕಾಫಿ, ಬಾಳೆ, ಕೆಂಪು ಮಣ್ಣು. ಎಡಗಡೆ ಮೋಡ ಮುಸುಕಿದ ಅಬರ್ಡೇರ್, ಬಲಗಡೆ ಮೌಂಟ್ ಕೀನ್ಯಾ. ಕಿಟಕಿ ಇಳಿಸಿದರೆ ಕೊಡಗಿನ ಗಾಳಿ. ನ್ಯೇರಿ ಪಟ್ಟಣದ ಹತ್ತಿರದ ಕಿಗಂಜೊದಲ್ಲಿ ಸರ್ಕಾರದ ಟ್ರೌಟ್ ಮರಿ ಉತ್ಪಾದನಾ ಕೇಂದ್ರ 1948ರಿಂದ ನಡೆದುಬಂದಿದೆ.

ಬೆಟ್ಟದ ತೊರೆಯನ್ನೇ ತಿರುಗಿಸಿ ಸಿಮೆಂಟಿನ ಉದ್ದನೆಯ ಕಾಲುವೆಗಳಲ್ಲಿ ಹರಿಸಿದ್ದಾರೆ. ನೀರಿಗೆ ಕೈ ಅದ್ದಿದೆ, ಜುಮ್ಮೆಂದಿತು. ಬೆರಳುದ್ದದ ಮರಿಗಳು ಸಾವಿರಾರು. ಒಂದೊಂದರ ಪಕ್ಕೆಯ ಮೇಲೂ ಮಸಿ ಅದ್ದಿದ ಹೆಬ್ಬೆರಳನ್ನು ಸಾಲಾಗಿ ಒತ್ತಿದ ಹಾಗೆ ಕಪ್ಪು ಗುರುತು. ಅಷ್ಟೂ ಮರಿಗಳ ತಲೆ ಒಂದೇ ಕಡೆಗೆ, ನೀರು ಬರುವ ದಿಕ್ಕಿಗೆ. ಬಾಲ ಒಂದಿಷ್ಟೇ ಅಲ್ಲಾಡುತ್ತದೆ, ಮೀನು ಇದ್ದಲ್ಲೇ ನಿಲ್ಲುತ್ತದೆ. ಮೂಲ ನಾಡನ್ನೇ ಕಾಣದೆ ನೂರಕ್ಕೂ ಹೆಚ್ಚು ವರ್ಷ ಇಲ್ಲೇ ಬೆಳೆದ ಕುಲ, ಆದರೂ ಪ್ರವಾಹಕ್ಕೆ ಎದುರು ನಿಲ್ಲುವ ಚಟ ಬಿಟ್ಟಿಲ್ಲ. ಇಲ್ಲಿ ತಾಯಿ ಮೀನಿನ ಹೊಟ್ಟೆಯನ್ನು ಮೆಲ್ಲಗೆ ನೀವಿ ಮೊಟ್ಟೆಯನ್ನು ಒಣ ಬೋಗುಣಿಗೆ ಇಳಿಸುತ್ತಾರೆ, ಗಂಡಿನ ಹಾಲನ್ನು ಅದರ ಮೇಲೆ ಹಿಂಡಿ ಕಲಸುತ್ತಾರೆ, ನೀರು ಹಾಕುವುದು ಆಮೇಲೆ. ಹೊಳೆಯಲ್ಲಿ ಮೀನು ತಾನೇ ಮಾಡಿಕೊಳ್ಳುವ ಕೆಲಸವನ್ನು ಮನುಷ್ಯ ಕೈಯಾರೆ ಮಾಡಿಕೊಡುತ್ತಾನೆ.

ಬಿಳಿಯರಿಗೆ ಈ ಬೆಟ್ಟದ ಹೊಳೆಗಳು ಖಾಲಿ ಎನಿಸಿದ್ದಕ್ಕೆ ಕಾರಣವೂ ಇತ್ತು. ಕಿಕುಯು ಜನ ಸಂಪ್ರದಾಯವಾಗಿ ಮೀನು ತಿನ್ನುತ್ತಿರಲಿಲ್ಲ. ಬಲೆ ಕಾಣಲಿಲ್ಲ, ದೋಣಿ ಕಾಣಲಿಲ್ಲ. ಗಾಳ ಹಾಕುವ ದೊರೆಗಳು ತಮ್ಮೂರಿನ ಮೀನು ತಂದು ತುಂಬಿದರು. ಅದಕ್ಕೆ ಮರಿ ಕೇಂದ್ರ ಬಂತು, ಪರವಾನಗಿ ಬಂತು, ಕಾವಲುಗಾರರು ಬಂದರು. ಪರದೇಶದ ಮೀನಿಗೆ ಇಷ್ಟು ಉಪಚಾರ ನಡೆಯುತ್ತಿದ್ದ ಕಾಲದಲ್ಲೇ ಈ ನಾಡಿನ ಸ್ವಂತ ‘ಸಾಲ್ಮನ್’ ಯಾರ ಗಮನಕ್ಕೂ ಬಾರದೆ ಸೊರಗುತ್ತಿತ್ತು. ಅದನ್ನು ನನಗೆ ಹೇಳಿದ್ದು ಪುಸ್ತಕವಲ್ಲ, ನಮ್ಮ ಚಾಲಕ.

ಮರುದಿನ ಬೆಳಿಗ್ಗೆ ಆತ ನನ್ನನ್ನು ನೈರೋಬಿಯ ಗಿಕೊಂಬಾ ಮಾರುಕಟ್ಟೆಗೆ ಕರೆದೊಯ್ದ. ಕಾಲಡಿ ಕೆಸರು, ಮೂಗಿಗೆ ಹೊಗೆ, ಕಿವಿಗೆ ಲುವೊ ಹೆಂಗಸರ ಕೂಗು. ತಗಡಿನ ಡಬ್ಬದಲ್ಲಿ ಅಳೆದು ಕೊಡುವ ಒಮೆನಾ ಎಂಬ ಪುಟ್ಟ ಒಣಮೀನು, ಚೀನಾದಿಂದ ಹೆಪ್ಪುಗಟ್ಟಿ ಬಂದ ತಿಲಾಪಿಯಾ, ಮತ್ತೆ ‘ಮ್ಗೊಂಗೊ ವಾಝಿ’. ಇದು ನೈಲ್ ಪರ್ಚ್ ಮೀನಿನ ಅಸ್ಥಿಪಂಜರ. ಮಾಂಸದ ಹೋಳುಗಳು ವಿಮಾನ ಹತ್ತಿ ಹೊರದೇಶಕ್ಕೆ ಹೋದ ಮೇಲೆ ಉಳಿಯುವ ತಲೆ, ಬೆನ್ನೆಲುಬು, ಬಾಲ. ಅದನ್ನು ಕಾದ ಎಣ್ಣೆಯಲ್ಲಿ ಕಂದಾಗುವವರೆಗೆ ಕರಿದು ರಾಶಿ ಹಾಕಿರುತ್ತಾರೆ. ಮುಳ್ಳಿನ ಸಂದಿಯ ಮಾಂಸವೇ ಬಡವರ ಪಾಲು. “ನಿಂಗು ಇದೆಯಾ?” ಎಂದು ಚಾಲಕ ಒಬ್ಬ ಹಿರಿಯ ಹೆಂಗಸನ್ನು ಕೇಳಿದ. ಆಕೆ ಜೋರಾಗಿ ನಕ್ಕು ಲುವೊ ಭಾಷೆಯಲ್ಲಿ ಏನೋ ಹೇಳಿದಳು. “ಅಜ್ಜಿಯನ್ನು ಕೇಳು ಅಂತಾಳೆ” ಎಂದು ಆತ ನನಗೆ ವಿವರಿಸಿದ.

ಆತ ಹೇಳಿದ ಈ ನಾಡಿನ ‘ಸಾಲ್ಮನ್’ ಇದೇ ನಿಂಗು, ವಿಜ್ಞಾನದ ಹೆಸರು ಲೇಬಿಯೊ ವಿಕ್ಟೋರಿಯಾನಸ್. ನಮ್ಮ ರೋಹು, ಕಾಗೆಮೀನುಗಳದೇ ಕುಲ. ವಿಕ್ಟೋರಿಯಾ ಸರೋವರದ ಜಲಾನಯನ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ವರ್ಷವಿಡೀ ಸರೋವರದಲ್ಲಿ ತಳದ ಪಾಚಿ ಮೇಯ್ದುಕೊಂಡಿದ್ದು, ಮಳೆಗಾಲ ಬಂದು ನ್ಜೊಯಾ, ಯಾಲಾ, ಸೊಂಡು ನದಿಗಳು ಕೆಂಪಗೆ ತುಂಬಿ ಹರಿದಾಗ ಹಿಂಡುಹಿಂಡಾಗಿ ಪ್ರವಾಹಕ್ಕೆ ಎದುರಾಗಿ ಹತ್ತುತ್ತದೆ, ನೀರು ಆವರಿಸಿದ ದಡದ ಹುಲ್ಲಿನಲ್ಲಿ ಮೊಟ್ಟೆ ಇಡುತ್ತದೆ. ಚಾಲಕನ ಅಜ್ಜಿಯ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಡ್ಡಿಬೇಲಿ ಕಟ್ಟಿ, ನಡುವೆ ಬುಟ್ಟಿ ಇಟ್ಟು ಹಿಡಿಯುತ್ತಿದ್ದರಂತೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಭಾವನ ಕೈ ತಟ್ಟೆಯಲ್ಲೇ ನಿಂತಿತು. “ಅಲ್ವೋ, ಇದು ನಮ್ಮ ಹತ್ತು ಮೀನೇ ಅಲ್ವಾ? ಕೂಣಿ ಇಡೋದು!” ಮಲೆನಾಡಿನವರಿಗೆ ವಿವರಿಸಬೇಕಾದ್ದಿಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಹೊತ್ತ ಮೀನು ಹತ್ತುವುದು, ಕಂಬಳಿ ಕೊಪ್ಪೆ ಹಾಕಿಕೊಂಡು ಟಾರ್ಚು ಹಿಡಿದು ಹೊರಡುವುದು, ಬದುವಿನ ಕಂಡಿಗೆ ಬಿದಿರಿನ ಕೂಣಿ ಒಡ್ಡುವುದು. ಅರಬ್ಬಿ ಸಮುದ್ರದ ಆಚೆಗಿನ ಹಳ್ಳಿಯಲ್ಲೂ ಅದೇ ಮಳೆ, ಅದೇ ಮೀನು, ಅದೇ ಬುಟ್ಟಿ. ನನಗಂತೂ ಮೈ ನವಿರೆದ್ದಿತು.

ನಿಂಗುವಿನ ಅಧೋಗತಿಯಲ್ಲಿ ನೈರೋಬಿಯ ಪಾಲೂ ಇದೆ. 1899ರಲ್ಲಿ ರೈಲಿನ ಠಾಣೆಯಾಗಿ ಹುಟ್ಟಿದ ಊರು ಇದು. ಭಾರತದಿಂದ ಕರೆತಂದ ಕೂಲಿಗಳು ಹಾಸಿದ ಹಳಿ 1901ರಲ್ಲಿ ವಿಕ್ಟೋರಿಯಾದ ದಡ ಮುಟ್ಟಿತು. 1905ರಲ್ಲಿ, ಟ್ರೌಟ್ ಬಂದ ಅದೇ ವರ್ಷ, ಸರೋವರಕ್ಕೆ ನಾರಿನ ಕಿವಿರುಬಲೆ ಬಂತು. ಬಲೆ ಹಿಡಿಯಿತು, ರೈಲು ಹೊತ್ತಿತು, ಪಟ್ಟಣ ತಿಂದಿತು. ಬುಟ್ಟಿಯಿಂದ ತಪ್ಪಿಸಿಕೊಂಡು ಮೇಲೆ ಹೋಗುವ ಮೀನು ಯಾವಾಗಲೂ ಇರುತ್ತಿತ್ತು. ಬಲೆಯನ್ನು ನದಿಯ ಬಾಯಿಗೇ ಕಟ್ಟಿದರೆ ಮೊಟ್ಟೆ ತುಂಬಿದ ಹೆಣ್ಣು ಹೊಳೆಯ ಒಳಗೇ ಬರಲಾರದು. ಕ್ಯಾಡ್‌ವಾಲಡರ್ ಎಂಬ ಸಂಶೋಧಕ ನ್ಜೊಯಾದಲ್ಲಿ ನಿಂಗು ಕುಸಿದದ್ದನ್ನೂ, ಅದರೊಂದಿಗೆ ಅಲ್ಲಿನ ಹಳೆಯ ಹಿಡಿಯುವ ಕ್ರಮಗಳು ಹಾಳಾದದ್ದನ್ನೂ ಬರೆದದ್ದು 1965ರಲ್ಲಿ. ಸರೋವರದ ಎಲ್ಲ ಪಾಪವನ್ನೂ 1950ರ ದಶಕದಲ್ಲಿ ಬಿಟ್ಟ ನೈಲ್ ಪರ್ಚ್ ತಲೆಗೆ ಕಟ್ಟುವುದು ರೂಢಿ. ಆದರೆ ಪರ್ಚ್ ಸರೋವರವನ್ನು ಆಕ್ರಮಿಸಿದ್ದು 1980ರ ದಶಕದಲ್ಲಿ; ನಿಂಗು ಅದಕ್ಕೂ ಮೊದಲೇ ನೆಲ ಕಚ್ಚಿತ್ತು. ಈಗ ನಿಂಗು ಹತ್ತುವ ಸೊಂಡು–ಮಿರಿಯು ನದಿಯ ನೀರನ್ನು 60 ಮೆಗಾವಾಟ್ ವಿದ್ಯುತ್ತಿಗಾಗಿ ಸುರಂಗಕ್ಕೆ ತಿರುಗಿಸಿದ್ದಾರೆ.

ನೈರೋಬಿಯ ಹೊಳೆಗೂ ಹೀಗೆ ಹತ್ತುವ ಜೀವದ ನಂಟು ಉಂಟು, ಸಾಲ್ಮನ್ನಿಗೆ ತದ್ವಿರುದ್ಧವಾದದ್ದು. ಕಿಕುಯು ಪಟ್ಟಣದ ಒಂಡಿರಿ ಜೌಗಿನಲ್ಲಿ ಹುಟ್ಟುವ ನೈರೋಬಿ ನದಿ ಊರಿನ ನಡುವೆ ಹಾದು, ಡಂಡೋರಾದ ಕಸದ ಗುಡ್ಡದ ಬುಡ ಸವರಿ, ಅಥಿ ನದಿ ಸೇರುತ್ತದೆ. ಅಥಿ ಮುಂದೆ ಗಲಾನಾ, ಸಬಾಕಿ ಎಂಬ ಹೆಸರು ಹೊತ್ತು ಮಲಿಂದಿಯ ಬಳಿ ಹಿಂದೂ ಮಹಾಸಾಗರಕ್ಕೆ ಬೀಳುತ್ತದೆ. ಆ ನದಿಯಲ್ಲಿ ಹಾವುಮೀನುಗಳಿವೆ. ಅವು ಹುಟ್ಟುವುದು ದೂರದ ಸಾಗರದಲ್ಲಿ. ಗಾಜಿನಂತೆ ಪಾರದರ್ಶಕವಾದ ಮರಿಗಳು ತೇಲುತ್ತ ಬಂದು ನದಿಯ ಬಾಯಿ ಹುಡುಕಿ, ಒದ್ದೆ ಬಂಡೆಗಳ ಮೇಲೆ ತೆವಳಿ ಒಳನಾಡಿಗೆ ಏರುತ್ತವೆ. ಹೊಳೆಯಲ್ಲಿ ವರ್ಷಗಟ್ಟಲೆ ಬೆಳೆದು, ಒಂದೇ ಒಂದು ಸಲ ಮೊಟ್ಟೆ ಇಟ್ಟು ಸಾಯಲು ಮತ್ತೆ ಸಾಗರಕ್ಕೆ ಇಳಿಯುತ್ತವೆ. ಅದೇ ಅಥಿಗೆ ಥ್ವಾಕೆ ನದಿ ಸೇರುವಲ್ಲಿ 80 ಮೀಟರ್ ಎತ್ತರದ ಅಣೆಕಟ್ಟು ಎದ್ದಿದೆ. ನೈರೋಬಿಯ ನದಿಗಳನ್ನು ಚೊಕ್ಕ ಮಾಡಲು 2022ರಲ್ಲಿ ಆಯೋಗವನ್ನೇ ರಚಿಸಿದ್ದಾರೆ. 2024ರ ನೆರೆಯ ನಂತರ ದಡದ ಬಡವರ ಜೋಪಡಿಗಳನ್ನೂ ಕೆಡವಿದರು. ಮ್ಯೂಸಿಯಂ ಹಿಲ್ ಕೆಳಗಿನ ಮಿಚುಕಿ ಉದ್ಯಾನದಲ್ಲಿ ಹೊಳೆಯ ಪಕ್ಕ ಕೂತು ಮೂಗು ಮುಚ್ಚಿಕೊಳ್ಳದೆ ಉಸಿರಾಡಬಹುದು. ಅಷ್ಟು ಆಗಿದೆ.

ಹಾಗಾದರೆ ನಿಂಗುವನ್ನು ಟ್ರೌಟಿನಂತೆಯೇ ಸಿಮೆಂಟು ತೊಟ್ಟಿಯಲ್ಲಿ ಮರಿ ಮಾಡಿಸಿ ಬಿಟ್ಟರೆ ಸಾಲದೆ? ಕೃತಕವಾಗಿ ಮರಿ ಮಾಡಿಸುವ ವಿದ್ಯೆ ಉಗಾಂಡದಲ್ಲಿ ಕೈಗೂಡಿದೆ. ಆದರೆ ಕಾವೇರಿ ಕಲಿಸಿದ ಪಾಠ ನನ್ನನ್ನು ತಡೆಯುತ್ತದೆ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಮಹಶೀರ್ ಹಿಡಿದ ನಾಡು ನಮ್ಮದು. ಮುಂದೆ ಆ ಮಹಶೀರ್ ಕಡಿಮೆಯಾಯಿತೆಂದು ಲೋಣಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಬೇರೊಂದು ಜಾತಿಯ ಮಹಶೀರ್ ತಂದು ಕಾವೇರಿಗೆ ಬಿಟ್ಟರು. ಮೀನೇನೋ ಹೆಚ್ಚಿತು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಮಾತ್ರ ಮೂಲೆಗೆ ಸರಿಯಿತು. ಅದಕ್ಕೆ ಟಾರ್ ರೇಮಾದೇವಿ ಎಂಬ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೂ, ತೀವ್ರ ಅಳಿವಿನಂಚಿನ ಪಟ್ಟಿ ಸೇರಿದ್ದೂ 2018ರಲ್ಲಿ. ಗಾಳ ಹಾಕುವವರ ಒಳ್ಳೆಯ ಮನಸ್ಸಿನಿಂದಲೇ ಇಷ್ಟೂ ನಡೆಯಿತು.

ಅಮೆರಿಕದವರು ಕ್ಲಾಮತ್ ನದಿಯಲ್ಲಿ ಇನ್ನೊಂದು ದಾರಿ ಹಿಡಿದರು. ನಾಲ್ಕು ಅಣೆಕಟ್ಟುಗಳನ್ನು ಕಿತ್ತು ಹಾಕಿದರು. ಕೆಲಸ ಮುಗಿದದ್ದು 2024ರಲ್ಲಿ. ಅದೇ ಅಕ್ಟೋಬರಿನಲ್ಲಿ ಸಾಲ್ಮನ್ ಹಳೆಯ ಕಟ್ಟೆಗಳ ಜಾಗ ದಾಟಿ ಆರೆಗಾನ್‌ವರೆಗೆ ಹತ್ತಿತು. ನೂರು ವರ್ಷ ಮುಚ್ಚಿದ್ದ ಬಾಗಿಲು ತೆರೆದ ಕೆಲವೇ ವಾರಗಳಲ್ಲಿ! ಕೀನ್ಯಾಕ್ಕೆ ಅಷ್ಟು ದೊಡ್ಡ ಖರ್ಚೂ ಬೇಕಿಲ್ಲ. ವರ್ಷದ ಎರಡೂ ಮಳೆಗಾಲಗಳ ಮೊದಲ ವಾರಗಳಲ್ಲಿ ನದಿಯ ಬಾಯಿಗೆ ಬಲೆ ಕಟ್ಟದಿರುವುದು, ಸೊಂಡುವಿನ ಕೆಳಪಾತ್ರಕ್ಕೆ ಸಾಕಷ್ಟು ನೀರು ಬಿಡುವುದು, ದಡದ ಜೌಗು ಉಳುಮೆಗೆ ಹೋಗದಂತೆ ಕಾಯುವುದು, ಇವು ಮೊದಲು ಆಗಲಿ. ತೊಟ್ಟಿಯ ಮರಿ ಆಮೇಲೆ, ಅದೂ ಆಯಾ ಹೊಳೆಯ ತಾಯಿಮೀನಿನದೇ.

ಮಲೆನಾಡಿನ ಓದುಗರಲ್ಲಿ ಒಂದು ಕೋರಿಕೆ. ಈ ಮುಂಗಾರಿಗೆ ಗದ್ದೆಯ ಕಂಡಿಗೆ ಕೂಣಿ ಒಡ್ಡುವವರು ಒಂದು ಕಂಡಿಯನ್ನಾದರೂ ಖಾಲಿ ಬಿಡಿ. ಹೊಳೆಗೆ ಸುಣ್ಣ, ಸಿಡಿಮದ್ದು ಹಾಕುವವರನ್ನು ಕಂಡರೆ ಸುಮ್ಮನಿರಬೇಡಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ.