ತಮ್ಮನಿಗೊಂದು ಕಾಗದ: ಅಂಕ ಹಾಕೂ ಮುಂಚೆ

ಯಮನೂರು, ತಾ. ನವಲಗುಂದ

ಪ್ರೀತಿಯ ತಮ್ಮಾ,

ಕಡ್ಲಿ ರಾಶಿ ಮುಗೀತು. ಹೋಳಿ ಹುಣ್ಣಿಮಿ ಹತ್ರ ಬಂತು, ಜಾತ್ರಿ ತಯಾರಿ ನಡದೈತಿ. ನಮ್ಮೂರ ಒಬ್ಬನೇ ಸಂತಗ ಚಾಂಗದೇವ ಅನ್ನೋರೂ ಬರ್ತಾರ, ರಾಜಾಬಾಗಸವಾರ ಅನ್ನೋರೂ ಬರ್ತಾರ. ಬೆಣ್ಣಿಹಳ್ಳದ ದಂಡಿಮ್ಯಾಲ ಯಾರು ಹೆಚ್ಚು, ಯಾರು ಕಡಿಮಿ ಅಂತ ಯಾರೂ ಕೇಳಂಗಿಲ್ಲ.

ನೀ ಫೋನಿನ್ಯಾಗ ಹೇಳಿದ್ದು ಇನ್ನೂ ಮನಸಿನ್ಯಾಗ ಐತಿ. ಜೋಡಿ ಸೇರಿದಾವಗ ಬಡ್ತಿ ಸಿಕ್ತು, ನನಗ ಸಿಗಲಿಲ್ಲ ಅಂದಿ. ಅದರ ಬೆನ್ನಿಗೇ, ಕೈಕೆಳಗಿನ ಹುಡುಗರಿಗೆ ರೇಟಿಂಗ್ ಹಾಕಬೇಕು, ಒಬ್ಬಾವಗಂತೂ ತಲೀನ ಇಲ್ಲ ಅಂದಿ. ನನಗ ಎರಡೂ ಒಂದೇ ಬ್ಯಾನಿ ಅನಿಸ್ತು. ಸಾಲಿಯಿಂದ ನಿವೃತ್ತಿ ಆದಮ್ಯಾಲ ಓದಾಕ ಬಿಡುವು ಸಿಕ್ಕೈತಿ. ಓದಿದ್ದನ್ನ ನಿನಗ ಬರೀತೀನಿ.

ಬುದ್ಧನ ಸಂಘದಾಗ ಚೂಳಪಂಥಕ ಅಂತ ಒಬ್ಬ ಭಿಕ್ಷು ಇದ್ದ. ನಾಲ್ಕು ತಿಂಗಳಾದ್ರೂ ಅವಗ ಒಂದು ಗಾಥೆ ಬಾಯಿಗೆ ಬರಲಿಲ್ಲ. ಭಿಕ್ಷು ಆಗಿದ್ದ ಸ್ವಂತ ಅಣ್ಣನೇ, ನೀ ಮನಿಗೆ ನಡಿ ಅಂದ. ಬುದ್ಧ ಅವನ ಕೈಯಾಗ ಬಿಳಿ ಬಟ್ಟಿ ತುಂಡು ಕೊಟ್ಟು, ಧೂಳು ಹೋಗಲಿ ಅನ್ಕೋತ ಇದನ್ನ ತಿಕ್ಕು ಅಂದ. ಬೆಳ್ಳಗಿದ್ದ ಬಟ್ಟಿ ತನ್ನ ಕೈಯಾಗೇ ಹೊಲಸಾಗೂದನ್ನ ನೋಡಿಕೋತ ಅವ ಅರಹಂತ ಆದ. ಅಣ್ಣ ಸುಳ್ಳು ಹೇಳಿರಲಿಲ್ಲ, ತಮ್ಮಗ ಗಾಥೆ ಬರ್ತಿರಲಿಲ್ಲ ಖರೇ. ಗಾಥೆ ಬರದಾವಗ ಏನೂ ಬರಂಗಿಲ್ಲ ಅಂತ ತೀರ್ಪು ಕೊಟ್ಟದ್ದು ತಪ್ಪು.

ಇನ್ನ ನಿನ್ನ ಬಡ್ತಿ. ಬೌದ್ಧರು ‘ಮಾನ’ ಅನ್ನೋ ದೋಷ ಎಣಿಸ್ತಾರ. ನಾ ಅವನಕಿಂತ ಹೆಚ್ಚು ಅನ್ನೂದಷ್ಟೇ ಅಲ್ಲ. ನಾ ಅವಗ ಸಮ, ನಾ ಅವನಕಿಂತ ಕಡಿಮಿ ಅನ್ನೂದೂ ಅದೇ ದೋಷ. ಹುಡುಗಗ ತಲಿ ಇಲ್ಲ ಅನ್ನೂದೂ, ನನ್ನ ಹಿಂದ ಹಾಕಿದ್ರು ಅಂತ ಕುದಿಯೂದೂ ಒಂದೇ ಅಳತಿಗೋಲು ಹಿಡದ ಕೈ. ಗೀತಾ ಬ್ಯಾರೆ ದಾರಿಲೆ ಬರ್ತೈತಿ: ನಿನ್ನ ಪಾಲಿನ ಕೆಲಸದಾಗ ಕೊರತಿ ಇದ್ರೂ ಅದನ್ನ ಬಿಟ್ಟು ಮಂದಿ ಕೆಲಸದ ಹಿಂದ ಓಡಬ್ಯಾಡ ಅಂತೈತಿ. ಇದೇ ಮಾತು ಹಿಡದು ಹುಟ್ಟಿದ ಜಾತಿ ಕೆಲಸಕ್ಕ ಮಂದಿನ್ನ ಕಟ್ಟಿ ಹಾಕ್ಯಾರ, ಅದನ್ನ ನಾ ಒಪ್ಪಂಗಿಲ್ಲ. ಬುದ್ಧನ ಸಂಘದಾಗ ನೋಡು: ಶಾಕ್ಯ ರಾಜಕುಮಾರರು ತಮಗಿಂತ ಮೊದಲು ಕ್ಷೌರಿಕ ಉಪಾಲಿಗೆ ದೀಕ್ಷಾ ಕೊಡಿಸಿ, ಅವಗ ಕೈಮುಗಿದು ತಮ್ಮ ಸೊಕ್ಕು ಇಳಿಸಿಕೊಂಡ್ರು.

ದುಡಿಮಿ ವಿಷಯದಾಗ ಎರಡೂ ಕಡೆ ಮಾತು ಬ್ಯಾರೆ. ಮಹಾಭಾರತದ ಧರ್ಮವ್ಯಾಧ ಮಿಥಿಲೆಯೊಳಗ ಮಾಂಸ ಮಾರ್ತಿದ್ದ. ಕೌಶಿಕ ಬ್ರಾಹ್ಮಣ ಧರ್ಮ ಕೇಳಾಕ ಅವನ ಅಂಗಡಿಗೇ ಬಂದ. ಬುದ್ಧ ಮಾತ್ರ ಆಯುಧ, ಜೀವಿಗಳು, ಮಾಂಸ, ಮಾದಕ, ವಿಷ ಈ ಐದರ ವ್ಯಾಪಾರ ಬ್ಯಾಡ ಅಂದ. ಅಲ್ಲಿ ಮಾಡಾವನ ನಡತಿ ದೊಡ್ಡದು, ಇಲ್ಲಿ ಕೆಲಸದಿಂದ ಯಾರಿಗೆ ನೋವು ಅನ್ನೂದು ದೊಡ್ಡದು. ನಿನಗ ಎರಡೂ ಬೇಕು. ಬುದ್ಧನ ಮಾತು ನಮ್ಮ ಕಡೆಗೆ ಹೊಸದಲ್ಲ. ಡಂಬಳದ ಸೆಟ್ಟರು ಕಟ್ಟಿಸಿದ ಬುದ್ಧ ವಿಹಾರದ ಬಗ್ಗೆ 1095ರ ಶಾಸನ ಐತಿ. ಅವರೂ ದುಡದು ತಿನ್ನೂ ಮಂದೀನ.

ಇನ್ನ ತಲಿ, ಪ್ರತಿಭಾ ಅಂತಿ. ಗಂಗೂಬಾಯಿ ಹಾನಗಲ್ಲ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಸವಾಯಿ ಗಂಧರ್ವರ ಕಡೆ ಹಾಡು ಕಲಿತ್ರು. ಒಂದೇ ಪಲ್ಟಾ, ಅಂದ್ರ ಸ್ವರದ ವರಸಿ, ಎಷ್ಟೋ ದಿನ ತಿದ್ದಿಸ್ತಿದ್ರಂತ ಗುರುಗಳು. ಮುಂದ ಗಂಟಲ ಬ್ಯಾನಿಯಿಂದ ದನಿ ಗಂಡಸರ ದನಿಹಂಗ ದಪ್ಪಾತು. ಆ ದನಿಯನ್ನೇ ಕಟ್ಟಿಕೊಂಡು ಹಾಡಿದವರಿಗೆ 2002ರಾಗ ಪದ್ಮವಿಭೂಷಣ ಬಂತು. ಅದೇ ಗುರುವಿನ ಮನಿಗೆ ಭೀಮಸೇನ ಜೋಶಿ ನೀರು ಹೊತ್ತಾರ. ನೀರು ಹೊರೂ ಆ ಹುಡುಗಗ ವರ್ಷದ ಕೊನಿಗೆ ರೇಟಿಂಗ್ ಹಾಕಿದ್ರ ಏನು ಬರ್ತಿತ್ತು, ನೀನೇ ಹೇಳು.

ಮಾರ್ಚ್ ಮುಗಿಯೂದ್ರೊಳಗ, ನೀ ತಲಿ ಇಲ್ಲ ಅಂದ ಹುಡುಗನ ಜೋಡಿ ಕುಂತು ಅವಗ ಬರದ ಒಂದು ಕೆಲಸ ಕಲಿಸು. ಆಮ್ಯಾಲ ಕೆಲಸಕ್ಕ ಅಂಕ ಹಾಕು. ಕಡಿಮಿ ಇದ್ರ ಕಡಿಮಿನೇ ಹಾಕು, ಯಾಕಂತ ಅವನ ಮುಂದ ಬಿಚ್ಚಿ ಹೇಳು. ತಲಿ ಇಲ್ಲ ಅಂತ ಮಾತ್ರ ಯಾವ ಕಾಗದದಾಗೂ ಬರೀಬ್ಯಾಡ.

ಇಂತಿ ನಿನ್ನ
ಅಕ್ಕ